ಕ್ಯಾಸ್ಟ್: ಎಸೆಯೋದಾ, ಎರೆಯೋದಾ?

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಕ್ಯಾಬ್ ಹತ್ತಿದ ಮೇಲೆ ಇಯರ್‌ಫೋನ್ ಮರೆತದ್ದು ಗೊತ್ತಾದವರಿಗೆ, ಎಂದಿನಂತೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಮೊದಲು ಒಂದು ತಪ್ಪೊಪ್ಪಿಗೆ. ಎರಡು ಸಂಚಿಕೆ ಹಿಂದೆ, ಮಾತಿನ ಭರದಲ್ಲಿ ನಾನೊಂದು ವಾಕ್ಯ ಹೇಳಿಬಿಟ್ಟೆ: "ಜಾತಿಗೆ ಇಂಗ್ಲಿಷ್‌ನಲ್ಲಿ ಕ್ಯಾಸ್ಟ್ ಅಂತಾರಲ್ಲ, ಅದು ಎರಕ ಹುಯ್ಯೋ ಕ್ಯಾಸ್ಟ್‌ನಿಂದಲೇ ಬಂದಿದ್ದು. ಮನುಷ್ಯರನ್ನ ಅಚ್ಚಿಗೆ ಹಾಕಿದ್ದು, ಅದಕ್ಕೇ ಆ ಹೆಸರು." ಕೇಳೋಕೆ ಚೆನ್ನಾಗಿತ್ತು. ಆದರೆ ತಪ್ಪು. ಧಾರವಾಡ ಕಡೆಯ ಒಬ್ಬ ನಿವೃತ್ತ ಮಾಸ್ತರರು ಮೇಲ್ ಬರೆದು, "ತಮ್ಮಾ, ಎರಡೂ ಶಬ್ದ ಬ್ಯಾರೆ ಬ್ಯಾರೆ, ಒಂದ್ಸಲ ಡಿಕ್ಷನರಿ ತಗದು ನೋಡು" ಅಂದರು. ನೋಡಿದೆ. ಅವರು ಹೇಳಿದ್ದೇ ಸರಿ.

ಅಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. ಆ ಇಪ್ಪತ್ತು ಸೆಕೆಂಡ್ ತುಂಡನ್ನ ಯಾರೋ ಕತ್ತರಿಸಿ, "ಜಾತಿ ಅನ್ನೋದೇ ಇಂಗ್ಲಿಷರು ಎರಕ ಹುಯ್ದಿದ್ದು, ಪದವೇ ಸಾಕ್ಷಿ" ಅಂತ ತಲೆಬರಹ ಹಾಕಿ ವಾಟ್ಸಾಪ್‌ಗೆ ಬಿಟ್ಟಿದ್ದರು. ನಮ್ಮ ಫ್ಯಾಮಿಲಿ ಗ್ರೂಪ್‌ಗೂ ಅದು ಬಂತು. ನನ್ನದೇ ಮುಖ, ನನ್ನದೇ ದನಿ, ನಾನು ಹೇಳದ ತೀರ್ಮಾನ. ಹಾಗಾಗಿ ಇವತ್ತು ಆ ಪುಟ್ಟ ಪದವನ್ನ ಬುಡದಿಂದ ನೋಡೋಣ. ದಾರಿಯಲ್ಲಿ ನಮ್ಮ ಕನ್ನಡದ ಅಕ್ಷರಗಳೂ ಸಿಗ್ತವೆ, ನಾನು ಅಂದುಕೊಂಡಿರದ ಜಾಗದಲ್ಲಿ.

ಕೇಳೋದಕ್ಕೆ ಎರಡೂ ಒಂದೇ ಥರ ಇರೋದರಿಂದ ಒಂದು ಒಪ್ಪಂದ ಮಾಡ್ಕೊಳ್ಳೋಣ. ಇಂಗ್ಲಿಷ್‌ನಲ್ಲಿ ನಾಲ್ಕೇ ಅಕ್ಷರ ಇರೋದು, ಎಸೆಯೋ ಅರ್ಥದ್ದು, ಬರೀ ‘ಕ್ಯಾಸ್ಟ್’. ಕೊನೆಗೆ ಒಂದು ‘ಇ’ ಅಕ್ಷರ ಜಾಸ್ತಿ ಇರೋದು, ಸರ್ಟಿಫಿಕೇಟ್ ಮೇಲೆ ಬರೋದು, ‘ಜಾತಿ-ಕ್ಯಾಸ್ಟ್’.

ವೈಕಿಂಗರು ತಂದ ಪದ

ನಾನು ಇರೋದು ಕಾಳಿಘಾಟ್‌ನಲ್ಲಿ, ಮೆಟ್ರೋ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ದೂರ. ಇಲ್ಲಿನ ಪಟುವಾಪಾಡಾ ಗಲ್ಲಿಯಲ್ಲಿ ದುರ್ಗಾಪೂಜೆ ಹತ್ತಿರ ಬಂದ ಹಾಗೆ ಮಣ್ಣಿನ ಮೂರ್ತಿಗಳು ರಸ್ತೆವರೆಗೂ ಬಂದು ನಿಲ್ತವೆ. ಒಂದು ಸಂಜೆ ಒಬ್ಬ ಕುಶಲಕರ್ಮಿ ಹದವಾದ ಮಣ್ಣನ್ನ ಅಚ್ಚಿಗೆ ಒತ್ತಿ, ಮೆಲ್ಲಗೆ ಬಿಡಿಸಿ, ದೇವಿಯ ಮುಖ ತೆಗೀತಿದ್ದರು. "ದಾದಾ, ಇದಕ್ಕೆ ಏನಂತೀರಿ?" ಅಂದೆ. "ಛಾಂಚ್" ಅಂದರು. ನಮ್ಮ ಅಚ್ಚು. ಲೋಹ, ಕಾಂಕ್ರೀಟ್ ಆದರೆ ಬಂಗಾಳಿಯಲ್ಲಿ ‘ಢಾಲಾಯ್’. ಢಾಲಾ ಅಂದರೆ ಸುರಿಯೋದು. ನಮ್ಮ ‘ಎರಕ’ವೂ ‘ಎರೆ’ಯಿಂದ ಬಂದದ್ದು, ಅದೂ ಸುರಿಯೋದೇ. ದೋಸೆ ಹುಯ್ಯೋಕೂ ಎರಕ ಹುಯ್ಯೋಕೂ ನಮಗೆ ಒಂದೇ ಕ್ರಿಯಾಪದ ಸಾಕು. ಅಂದರೆ ಬಂಗಾಳಿ, ಕನ್ನಡ ಎರಡರಲ್ಲೂ ಕಾದ ಲೋಹವನ್ನ ಸುರೀತಾರೆ. ಇಂಗ್ಲಿಷ್ ಮಾತ್ರ ಅದನ್ನ ‘ಎಸೆಯುತ್ತೆ’. ಯಾಕೆ?

ಹಳೆಯ ಇಂಗ್ಲಿಷ್‌ನಲ್ಲಿ ಎಸೆಯೋದಕ್ಕೆ ಇದ್ದ ಮುಖ್ಯ ಪದ ಕ್ಯಾಸ್ಟ್ ಅಲ್ಲ, ‘ವೆಯೊರ್ಪನ್’. ಜರ್ಮನ್‌ನ ‘ವೆರ್ಫೆನ್’ ಅದರ ಅಣ್ಣತಮ್ಮ. ಒಂಬತ್ತನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯಿಂದ ವೈಕಿಂಗರು ಇಂಗ್ಲೆಂಡಿಗೆ ನುಗ್ಗಿದರು. ಲೂಟಿ ಮಾಡೋಕೆ ಬಂದ ಎಷ್ಟೋ ಜನ ಅಲ್ಲೇ ಹೊಲ ಮಾಡ್ಕೊಂಡು ಉಳಿದರು. ಅವರ ಭಾಷೆಯಿಂದ ಇಂಗ್ಲಿಷ್‌ಗೆ ಸ್ಕೈ, ಎಗ್, ವಿಂಡೋ, ಟೇಕ್, ಕೊನೆಗೆ ‘ದೇ’ ಅನ್ನೋ ಸರ್ವನಾಮ ಕೂಡ ಬಂತು. ‘ಕಾಸ್ಟಾ’, ಅಂದರೆ ಎಸೆ ಅನ್ನೋ ಕ್ರಿಯಾಪದವೂ ಹಾಗೆ ಬಂದದ್ದು. 1200ರ ಆಸುಪಾಸಿನಿಂದ ಅದು ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತೆ, ಮುಂದೆ ವೆಯೊರ್ಪನ್‌ನ ಜಾಗವನ್ನೇ ಹಿಡಿಯುತ್ತೆ. ಇವತ್ತಿಗೂ ಡೇನಿಷ್‌ನಲ್ಲಿ ಎಸೆಯೋದಕ್ಕೆ ‘ಕಾಸ್ಟೆ’ ಅಂತಾರೆ. ಡೇನರ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಲಸ ಕಳ್ಕೊಂಡ ವೆಯೊರ್ಪನ್ ಏನಾಯ್ತು? ‘ವಾರ್ಪ್’ ಆಗಿ ಉಳೀತು: ಮರದ ಹಲಗೆ ಸೊಟ್ಟಗಾಗೋದು, ಮಗ್ಗದಲ್ಲಿ ಉದ್ದಕ್ಕೆ ಬಿಗಿಯೋ ಹಾಸು. ಆಮೇಲೆ ಕ್ಯಾಸ್ಟ್‌ಗೂ ಅದೇ ಗತಿ ಬಂತು. ‘ಥ್ರೋ’ ಅನ್ನೋದು ಮೂಲದಲ್ಲಿ ತಿರುಚು, ತಿರುಗಿಸು ಅನ್ನೋ ಅರ್ಥದ ಪದ. ಕುಂಬಾರ ಚಕ್ರದ ಮೇಲೆ ಮಡಕೆ ಮಾಡೋದಕ್ಕೆ ಇಂಗ್ಲಿಷ್‌ನಲ್ಲಿ ಈಗಲೂ ‘ಥ್ರೋ’ ಅನ್ನೋದು ಅದರ ಉಳಿಕೆ. ಆ ಥ್ರೋ ಬಂದು ಕ್ಯಾಸ್ಟ್‌ನ ದಿನನಿತ್ಯದ ಕೆಲಸ ಕಿತ್ತುಕೊಳ್ತು. ಈಗ ಯಾರೂ ಬಾಲನ್ನ ಕ್ಯಾಸ್ಟ್ ಮಾಡಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರೊಡಕ್ಷನ್‌ನಲ್ಲಿ ಮೇನ್ ರೋಲ್ ಹೋಯ್ತು, ಆದರೆ ಲೆಗಸಿ ಕೋಡ್ ಥರ ಎಲ್ಲಾ ಮಾಡ್ಯೂಲ್ ಒಳಗೂ ಕೂತಿದೆ.

ಹಾಕು

ಈ ಪದಕ್ಕೆ ಕನ್ನಡದಲ್ಲಿ ಜೊತೆಗಾರ ಯಾರು ಅಂತ ಯೋಚಿಸ್ತಾ ಕೂತಾಗ ನಂಗೆ ಹೊಳೆದಿದ್ದು ‘ಎಸೆ’ ಅಲ್ಲ, ‘ಹಾಕು’. ನೋಡಿ: ಬಲೆ ಹಾಕು, ಗಾಳ ಹಾಕು, ಲಂಗರು ಹಾಕು, ಓಟು ಹಾಕು, ಕಣ್ಣು ಹಾಕು, ಮೋಡಿ ಹಾಕು. ಇಷ್ಟಕ್ಕೂ ಇಂಗ್ಲಿಷ್‌ನಲ್ಲಿ ಕ್ಯಾಸ್ಟ್ ನಡೆಯುತ್ತೆ. ಮನೆ ಕಟ್ಟಿಸುವಾಗ ಛಾವಣಿಗೆ ಮೋಲ್ಡ್ ಹಾಕಿಸ್ತೀವಲ್ಲ, ಅದೂ ಕ್ಯಾಸ್ಟ್. ‘ಲೆಕ್ಕ ಹಾಕು’ ಕೂಡ! ಹಲಗೆ ಮೇಲೆ ಬಿಲ್ಲೆಗಳನ್ನ ಹಾಕಿ ಎಣಿಸ್ತಿದ್ದ ಕಾಲದಲ್ಲಿ ಲೆಕ್ಕ ಮಾಡೋದಕ್ಕೂ ಕ್ಯಾಸ್ಟ್ ಅಂತಿದ್ದರು. ಆಡಿಟರ್‌ಗಳು ಒಂದು ಕಾಲಮ್ ಕೂಡೋದಕ್ಕೆ ಈಗಲೂ ‘ಕ್ಯಾಸ್ಟಿಂಗ್’ ಅಂತಾರೆ. ಜಾತಕ ಬರೆಯೋದೂ ಲೆಕ್ಕವೇ ಆದ್ದರಿಂದ ಅದಕ್ಕೂ ಇದೇ ಪದ.

ಮುಂದಾಗೋದನ್ನ ಮೊದಲೇ ಲೆಕ್ಕ ಹಾಕೋದು ‘ಫೋರ್‌ಕಾಸ್ಟ್’. ಮೊದಲು ಅದು ಮುಂಚಿತ ಯೋಜನೆ ಅನ್ನೋ ಅರ್ಥದಲ್ಲಿತ್ತು. ಹವಾಮಾನಕ್ಕೆ ಆ ಪದವನ್ನ ಅಂಟಿಸಿದ್ದು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಅವರೇ. 1861ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ದಿನದ ಹವಾಮಾನ ಮುನ್ಸೂಚನೆ ಶುರುವಾಯ್ತು.

ಇನ್ನು ‘ಬ್ರಾಡ್‌ಕಾಸ್ಟ್’. ಹದಿನೆಂಟನೇ ಶತಮಾನದಲ್ಲಿ ಇದು ಪಕ್ಕಾ ರೈತರ ಪದ: ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತದೆ, ಕೈಯಲ್ಲಿ ಬೀಜ ಹಿಡಿದು ಅಗಲಕ್ಕೆ ಚೆಲ್ಲಿ ಬಿತ್ತೋದು. 1920ರ ದಶಕದಲ್ಲಿ ರೇಡಿಯೋದವರು ಅದನ್ನ ಎತ್ತಿಕೊಂಡರು. ಯಾವ ಬೀಜ ಎಲ್ಲಿ ಬೀಳುತ್ತೋ, ಯಾರ ಕಿವಿಗೆ ಬೀಳುತ್ತೋ ಗೊತ್ತಿಲ್ಲ, ಚೆಲ್ಲೋದಷ್ಟೇ ನಮ್ಮ ಕೆಲಸ. ಕಲ್ಕತ್ತಾ ರೇಡಿಯೋ ಕೇಂದ್ರ ಶುರುವಾಗಿದ್ದು 1927ರಲ್ಲಿ. ಕಾಳಿಘಾಟ್‌ನಲ್ಲಿ ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ ಎದ್ದರೆ ಬ್ರಾಡ್‌ಕಾಸ್ಟ್ ಅಂದರೇನು ಅಂತ ಬೇರೆ ಹೇಳೋದೇ ಬೇಡ. ನಾಲ್ಕು ಗಂಟೆಗೆ ಕಿಟಕಿ ಕಿಟಕಿಯಿಂದ ಬೀರೇಂದ್ರ ಕೃಷ್ಣ ಭದ್ರರ ‘ಮಹಿಷಾಸುರಮರ್ದಿನಿ’ ಕೇಳುತ್ತೆ. 1930ರ ದಶಕದಿಂದ ಬಂದ ರೂಢಿ. 1976ರಲ್ಲಿ ಅದನ್ನ ತೆಗೆದು ಸಿನಿಮಾ ನಟ ಉತ್ತಮ್ ಕುಮಾರ್ ದನಿ ಇದ್ದ ಹೊಸ ಕಾರ್ಯಕ್ರಮ ಹಾಕಿದಾಗ ಊರಿಗೆ ಊರೇ ಸಿಟ್ಟಾಯ್ತು, ಹಳೆಯದನ್ನೇ ವಾಪಸ್ ತರಬೇಕಾಯ್ತು.

ನಮ್ಮ ಕಡೆ ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ಅದರ ಹೆಸರು ‘ಆಕಾಶವಾಣಿ’. ಆ ಹೆಸರು ಮುಂದೆ ಇಡೀ ದೇಶದ ರೇಡಿಯೋದ್ದಾಯ್ತು. ಇಂಗ್ಲಿಷ್ ಪದ ಹೊಲದಿಂದ ಬಂತು, ನಮ್ಮದು ಆಕಾಶದಿಂದ. ನೆಟ್‌ವರ್ಕಿಂಗ್‌ನವರು ಅಲ್ಲಿಂದ ಮಲ್ಟಿಕಾಸ್ಟ್, ಯೂನಿಕಾಸ್ಟ್ ಅಂತೆಲ್ಲ ಮಾಡ್ಕೊಂಡರು. 2004ರಲ್ಲಿ ಹುಟ್ಟಿದ ಪದ ‘ಪಾಡ್‌ಕಾಸ್ಟ್’.

ಕನ್ನಡದ ಮೊಳೆಗಳು ಬಂಗಾಳದಲ್ಲಿ

ಈಗ ಎರಕಕ್ಕೆ ಬರೋಣ. ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಕಾದ ಲೋಹವನ್ನ ಅಚ್ಚಿಗೆ ಹಾಕೋದಕ್ಕೂ ಇಂಗ್ಲಿಷ್‌ನಲ್ಲಿ ಕ್ಯಾಸ್ಟ್ ಅನ್ನೋ ಬಳಕೆ ಬಂತು. ಎಸೆ ಅನ್ನೋದು ‘ಒಳಗೆ ಹಾಕು’ ಆಯ್ತು, ಅಲ್ಲಿಂದ ‘ಆಕಾರ ಕೊಡು’ ಆಯ್ತು. ನಾಟಕದಲ್ಲಿ ಪಾತ್ರ ಹಂಚೋ ಕ್ಯಾಸ್ಟ್, ಕಾಲು ಮುರಿದಾಗ ಹಾಕೋ ಪ್ಲಾಸ್ಟರ್ ಕ್ಯಾಸ್ಟ್ ಎರಡೂ ಈ ‘ಆಕಾರ ಕೊಡು’ ಕಡೆಯವು.

ಎರಕದಲ್ಲೇ ತೀರಾ ಸೂಕ್ಷ್ಮವಾದ ಕೆಲಸ ಅಚ್ಚಿನ ಮೊಳೆಗಳದ್ದು. ನಮ್ಮ ದೊಡ್ಡಪ್ಪ ಹಾಸನದ ಒಂದು ಪ್ರೆಸ್‌ನಲ್ಲಿ ಮೊಳೆ ಜೋಡಿಸ್ತಿದ್ದರು. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಎಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾ ಮುರುಗಾ ಇರೋ ಅಕ್ಷರಗಳನ್ನ ನಾವು ಪೇಪರ್ ಓದೋ ಸ್ಪೀಡಲ್ಲಿ ಓದೋರು. ಆ ಒಂದೊಂದು ಮೊಳೆ ಹೇಗೆ ಹುಟ್ಟುತ್ತೆ ಅಂತ ನಾನು ಚಿಕ್ಕವನಿದ್ದಾಗ ಕೇಳಲೇ ಇಲ್ಲ.

ಹೀಗೆ ಹುಟ್ಟುತ್ತೆ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನ ಉಲ್ಟಾ ಕೆತ್ತಬೇಕು. ಅದು ಪಂಚ್. ಅದನ್ನ ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಕ್ಷರದ ಗುಳಿ ಬೀಳುತ್ತೆ. ಆ ತಾಮ್ರವನ್ನ ಕೈಯಲ್ಲಿ ಹಿಡಿಯೋ ಅಚ್ಚಿನೊಳಗೆ ಕೂರಿಸಿ, ಸೀಸ, ಆಂಟಿಮನಿ, ತವರ ಸೇರಿಸಿ ಕರಗಿಸಿದ ರಸವನ್ನ ಎರೀತಾರೆ. ಎರೆದ ತಕ್ಷಣ ಅಚ್ಚನ್ನ ಒಂದು ಜೋರಾದ ಝಾಡಿಸುವಿಕೆಯಿಂದ ಮೇಲಕ್ಕೆತ್ತಬೇಕು. ಇಲ್ಲದಿದ್ದರೆ ರಸ ಅಕ್ಷರದ ಮೂಲೆಗಳಿಗೆ ಇಳಿಯಲ್ಲ. ಎರೆಯೋದರ ಜೊತೆ ಒಂದು ಎಸೆತ ನಿಜವಾಗಲೂ ಇದೆ ಅನ್ನಿ!

ಬಂಗಾಳದಲ್ಲಿ ಈ ಕೆಲಸ ಮಾಡಿದ ದೊಡ್ಡ ಹೆಸರು ಪಂಚಾನನ ಕರ್ಮಕಾರ. 1778ರಲ್ಲಿ ಹೂಗ್ಲಿಯಲ್ಲಿ ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣ ಅಚ್ಚಾದಾಗ, ಚಾರ್ಲ್ಸ್ ವಿಲ್ಕಿನ್ಸ್ ಜೊತೆ ಬಂಗಾಳಿ ಮೊಳೆ ತಯಾರಿಸಿದವರು ಅವರು. ಮುಂದೆ ವಿಲಿಯಂ ಕೇರಿ ಮತ್ತು ಜೊತೆಯವರು 1800ರಲ್ಲಿ ಶ್ರೀರಾಂಪುರದಲ್ಲಿ ಪ್ರೆಸ್ ಶುರು ಮಾಡಿದಾಗ ಪಂಚಾನನ ಅಲ್ಲಿಗೆ ಬಂದರು. ಕೆಲವೇ ವರ್ಷದಲ್ಲಿ ತೀರಿಕೊಂಡರು. ಅವರ ಅಳಿಯ ಮನೋಹರ ಕರ್ಮಕಾರ ದಶಕಗಳ ಕಾಲ ಆ ಎರಕಶಾಲೆ ನಡೆಸಿದರು. ಅಲ್ಲಿಂದ ದೇಶದ ಹತ್ತಾರು ಭಾಷೆಗಳ ಮೊಳೆಗಳು ಹೊರಬಂದವು.

ಶ್ರೀರಾಂಪುರ ಹೌರಾದಿಂದ ಲೋಕಲ್ ಟ್ರೈನ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗೋ ಊರು. ಆಗ ಅದು ಬ್ರಿಟಿಷರದ್ದಲ್ಲ, ಡೆನ್ಮಾರ್ಕಿನದ್ದು. ಡೇನರು 1845ರವರೆಗೂ ಅದನ್ನ ಇಟ್ಟುಕೊಂಡಿದ್ದರು. ಡೇನರ ಪೂರ್ವಜರು ಇಂಗ್ಲಿಷ್‌ಗೆ ಕೊಟ್ಟ ಪದ ಕ್ಯಾಸ್ಟ್, ಡೇನರದ್ದೇ ಊರಿನಲ್ಲಿ ಕ್ಯಾಸ್ಟ್ ಆದ ಮೊಳೆಗಳು. ಇದು ಬರೀ ಕಾಕತಾಳೀಯ, ಇದರಿಂದ ಯಾವ ಥಿಯರಿಯನ್ನೂ ಕಟ್ಟೋದು ಬೇಡ. ಒಂದು ಸಲ ಕಟ್ಟಿ ಕೈ ಸುಟ್ಟುಕೊಂಡಾಗಿದೆ.

1812ರ ಮಾರ್ಚ್ 11ರ ಸಂಜೆ ಆ ಪ್ರೆಸ್‌ಗೆ ಬೆಂಕಿ ಬಿತ್ತು. ಕಾಗದ, ಹಸ್ತಪ್ರತಿಗಳು ಬೂದಿಯಾದವು, ಮೊಳೆಗಳೆಲ್ಲ ಕರಗಿ ಗಟ್ಟಿಯಾದವು. ಅವಶೇಷ ಕೆದಕಿದಾಗ ಉಕ್ಕಿನ ಪಂಚ್‌ಗಳು ಮಾತ್ರ ಹಾಗೇ ಸಿಕ್ಕವು. ಪಂಚ್ ಇದ್ದರೆ ಮೊಳೆ ಮತ್ತೆ ಮಾಡಬಹುದು. ಕರಗಿದ ಲೋಹವನ್ನೇ ಒಟ್ಟುಮಾಡಿ ಮತ್ತೆ ಎರೆದರು. ನಮ್ಮವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ಬಿಲ್ಡ್ ಎಲ್ಲ ಹೋಯ್ತು, ಸೋರ್ಸ್ ಉಳೀತು.

ಐದು ವರ್ಷದ ನಂತರ, 1817ರಲ್ಲಿ, ಅದೇ ಪ್ರೆಸ್‌ನಿಂದ ಕೇರಿಯವರ ‘ಎ ಗ್ರಾಮರ್ ಆಫ್ ದಿ ಕರ್ನಾಟ ಲ್ಯಾಂಗ್ವೇಜ್’ ಬಂತು. ಕನ್ನಡ ಅಕ್ಷರ ಮೊಳೆಯಲ್ಲಿ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ಮಂಗಳೂರಿನಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದದ್ದು 1843ರಲ್ಲಿ, ಅದೂ ಕಲ್ಲಚ್ಚಿನಲ್ಲಿ. ಅದಕ್ಕಿಂತ 26 ವರ್ಷ ಮೊದಲೇ, ಬೆಂಗಳೂರಿನಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಗಂಗೆಯ ದಡದಲ್ಲಿ, ಬಂಗಾಳಿ ಕಮ್ಮಾರರು ಬೆಳೆಸಿದ ಎರಕಶಾಲೆಯಲ್ಲಿ ನಮ್ಮ ಅ ಆ ಇ ಈ ಸೀಸದಲ್ಲಿ ನಿಂತಿದ್ದವು.

ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತೆ. ನಮ್ಮದಕ್ಕೆ ತಲೆಕಟ್ಟು, ಗುಡಿಸು, ಕೊಂಬು, ಮೇಲಾಗಿ ಕೆಳಗೆ ಇಳಿಯೋ ಒತ್ತಕ್ಷರ. ಕನ್ನಡ ಓದು ಬಾರದ ಒಬ್ಬ ಮನುಷ್ಯ ಉಕ್ಕಿನ ತುದಿಯಲ್ಲಿ ‘ಕ್ಷ’ವನ್ನ ಉಲ್ಟಾ ಕೆತ್ತೋದನ್ನ ಯೋಚನೆ ಮಾಡಿ. ನಾನು ಇಲ್ಲಿ ಬಂದ ಹೊಸದರಲ್ಲಿ ಬಂಗಾಳಿ ಬೋರ್ಡ್ ಓದೋಕೆ ಒದ್ದಾಡ್ತಾ, ಈ ಊರಿಗೂ ನನ್ನ ಭಾಷೆಗೂ ಏನೂ ಸಂಬಂಧ ಇಲ್ಲ ಅಂದ್ಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಪುಸ್ತಕದ ಮುಖಪುಟದಲ್ಲಿ ಕೇರಿಯವರ ಹೆಸರಿದೆ, ಅವರು ದುಡಿದಿದ್ದಾರೆ, ಇರಬೇಕಾದ್ದೇ. ಮೊಳೆ ಮಾಡಿದವರ ಹೆಸರು ಅಲ್ಲಿಲ್ಲ. ಅದನ್ನ ನಾವಾದರೂ ಒಂದು ಸಲ ಬಾಯಿಬಿಟ್ಟು ಹೇಳೋಣ ಅಂತ.

ಕೋಡ್‌ನಲ್ಲಿರೋ ಕ್ಯಾಸ್ಟ್

ಕಾಲೇಜಿನಲ್ಲಿ ಸಿ ಭಾಷೆ ಕಲಿಯುವಾಗ ಬ್ರಾಕೆಟ್‌ನಲ್ಲಿ ‘ಇಂಟ್’ ಅಂತ ಬರೆದು ಟೈಪ್ ಕ್ಯಾಸ್ಟ್ ಮಾಡಿದ್ದು ಎಲ್ಲರಿಗೂ ನೆನಪಿದೆ. ಆ ಪದ ಆಲ್ಗಾಲ್ 68 ಅನ್ನೋ ಭಾಷೆಯಲ್ಲಿತ್ತು. ಸಿ ಭಾಷೆಯ ಕ್ಯಾಸ್ಟ್ ಮೇಲೆ ಆಲ್ಗಾಲ್ 68ರ ಪ್ರಭಾವ ಇದೆ ಅಂತ ಸಿ ಕರ್ತೃ ಡೆನಿಸ್ ರಿಚಿಯವರೇ ಬರೆದಿದ್ದಾರೆ. ಇದೂ ಅಚ್ಚಿಗೆ ಹಾಕೋ ಕ್ಯಾಸ್ಟೇ. ಒಂದು ಆಕಾರದ ಬೆಲೆಯನ್ನ ಇನ್ನೊಂದು ಅಚ್ಚಿಗೆ ಹುಯ್ಯೋದು. 3.9 ಅನ್ನ ಇಂಟ್‌ಗೆ ಹುಯ್ದರೆ 3 ಬರುತ್ತೆ. ಆ .9 ಎಲ್ಲಿಗೆ ಹೋಯ್ತು ಅಂತ ಕಂಪೈಲರ್ ಕೇಳಲ್ಲ.

ಎಲ್ಲಾ ಸಲ ಅಷ್ಟು ಸುಲಭಕ್ಕೆ ಮುಗಿಯಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡ್‌ನಲ್ಲಿ ಸಿಡಿದುಹೋಯ್ತು. ಅದರ ಸಾಫ್ಟ್‌ವೇರ್ 64 ಬಿಟ್‌ನ ಫ್ಲೋಟಿಂಗ್ ಸಂಖ್ಯೆಯೊಂದನ್ನ 16 ಬಿಟ್‌ನ ಪೂರ್ಣಾಂಕಕ್ಕೆ ಬದಲಾಯಿಸೋಕೆ ಹೋಗಿತ್ತು. ಸಂಖ್ಯೆ ದೊಡ್ಡದು, ಅಚ್ಚು ಚಿಕ್ಕದು. ಏರಿಯಾನ್ 4ರಲ್ಲಿ ಸರಿಯಾಗಿ ನಡೆದಿದ್ದ ಕೋಡನ್ನೇ ಮರುಬಳಸಿದ್ದರು, ಹೊಸ ರಾಕೆಟ್‌ನ ವೇಗಕ್ಕೆ ಅದು ಹೊಂದಲಿಲ್ಲ.

ಈಗ ಜಾತಿ-ಕ್ಯಾಸ್ಟ್

ಜಾತಿ-ಕ್ಯಾಸ್ಟ್ ವೈಕಿಂಗರದ್ದಲ್ಲ, ಪೋರ್ಚುಗೀಸರದ್ದು. ಅವರ ‘ಕಾಸ್ತಾ’ ಅಂದರೆ ವಂಶ, ತಳಿ. ಲ್ಯಾಟಿನ್‌ನಲ್ಲಿ ಶುದ್ಧ ಅನ್ನೋ ಅರ್ಥದ ‘ಕಾಸ್ತುಸ್’ನಿಂದ ಬಂದದ್ದು ಅಂತ ಬಹಳ ಜನ ಹೇಳ್ತಾರೆ, ಅದರ ಬಗ್ಗೆ ವಿದ್ವಾಂಸರಲ್ಲಿ ವಾದವೂ ಇದೆ. ಹದಿನಾರನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇಲ್ಲಿ ಕಂಡ ವ್ಯವಸ್ಥೆಗೆ ಆ ಪದ ಬಳಸಿದರು. ನಮಗೆ ಅನಾನಸು, ಪಗಾರ, ಚಾವಿ ಕೊಟ್ಟವರೂ ಅವರೇ. ಬಂಗಾಳಿಯಲ್ಲೂ ಬೀಗದಕೈ ‘ಚಾಬಿ’. ಇಂಗ್ಲಿಷರು ಅವರಿಂದ ಪದ ತಗೊಂಡು ಮೊದಲು ನಾಲ್ಕೇ ಅಕ್ಷರದಲ್ಲಿ ಬರೀತಿದ್ದರು. ಕೊನೆಯ ‘ಇ’ ಗಟ್ಟಿಯಾಗಿ ಕೂತದ್ದು 1800ರ ಸುಮಾರಿಗೆ. ಸ್ಪೆಲ್ಲಿಂಗ್ ಒಂದೇ ಇದ್ದ ಆ ಕಾಲದ ಗೊಂದಲಕ್ಕೇ ನಾನೂ ಬಿದ್ದದ್ದು.

‘ಔಟ್‌ಕಾಸ್ಟ್’ ಅನ್ನೋ ಪದ ನೋಡಿ. ಎಸೆಯೋ ಕ್ಯಾಸ್ಟ್‌ನಿಂದ ಬಂದ ಹಳೆಯ ಇಂಗ್ಲಿಷ್ ಪದ ಅದು, ಹೊರಗೆ ಹಾಕಿದವನು. ಭಾರತದ ವಿಷಯ ಬರೆಯುವಾಗ ಅದಕ್ಕೂ ಒಂದು ‘ಇ’ ಸೇರಿಸಿ, ಜಾತಿಯಿಂದ ಹೊರಗಾದವನು ಅಂತ ಇನ್ನೊಂದು ಪದ ಮಾಡಿದರು. ಬೇರು ಬೇರೆ, ಹಾಳೆಯ ಮೇಲೆ ಅಂಟಿಕೊಂಡವು.

ಇಂಥ ಮೋಸ ಕನ್ನಡದಲ್ಲೂ ಇದೆ. ‘ಬಿತ್ತರಿಸು’ ಅನ್ನೋದು ‘ಬಿತ್ತು’ ಇಂದ ಬಂತು, ಬ್ರಾಡ್‌ಕಾಸ್ಟ್ ಥರಾನೇ ಅಂತ ಹೇಳೋಕೆ ನಾಲಿಗೆ ತುದಿಯಲ್ಲಿತ್ತು. ಇಲ್ಲ. ಬಿತ್ತರ ಸಂಸ್ಕೃತದ ‘ವಿಸ್ತಾರ’ದ ತದ್ಭವ. ಹಳಗನ್ನಡದಲ್ಲಿ ‘ಎಸೆವ’ ಅಂತ ಬಂದರೆ ಎಷ್ಟೋ ಕಡೆ ಅದು ಎಸೆಯುವ ಅಲ್ಲ, ಹೊಳೆಯುವ, ಶೋಭಿಸುವ. ಹೈಸ್ಕೂಲಲ್ಲಿ ನಾನು ಪರೀಕ್ಷೆಯಲ್ಲಿ ಎಸೆಯುವ ಅಂತ ಬರೆದು ಒಂದು ಮಾರ್ಕ್ ಕಳ್ಕೊಂಡಿದ್ದೆ.

ಇದೆಲ್ಲ ಬರೀ ಪದದ ಆಟ ಆಗಿದ್ದರೆ ಇಷ್ಟು ಉದ್ದ ಮಾತಾಡ್ತಿರಲಿಲ್ಲ. ಹೆಸರು ಹೊರಗಿನದು ಅಂದ ಮಾತ್ರಕ್ಕೆ ವಸ್ತುವೂ ಹೊರಗಿನದು ಆಗಲ್ಲ. ಪೋರ್ಚುಗೀಸರ ಹಡಗು ಬರೋಕೆ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಬಸವಣ್ಣ ಮತ್ತು ಶರಣರು ಕುಲದ ಮೇಲುಕೀಳಿನ ವಿರುದ್ಧ ನಿಂತಿದ್ದರು. ಇಲ್ಲದ ವಸ್ತುವಿನ ವಿರುದ್ಧ ಯಾರೂ ಹೋರಾಡಲ್ಲ. ಬ್ರಿಟಿಷರ ಜನಗಣತಿ ಜಾತಿಗಳನ್ನ ಪಟ್ಟಿಗೆ, ಖಾನೆಗೆ ಕೂರಿಸಿ ಎಷ್ಟು ಗಟ್ಟಿ ಮಾಡಿತು ಅನ್ನೋದು ಇತಿಹಾಸಕಾರರ ನಡುವಿನ ದೊಡ್ಡ ಚರ್ಚೆ, ನಿಜವಾದ ಚರ್ಚೆ. ಅದನ್ನ ಕಾಗದಪತ್ರ, ಅಂಕಿಅಂಶ ಇಟ್ಟುಕೊಂಡು ಮಾಡಬೇಕು. ಎರಡು ಪದದ ದನಿ ಒಂದೇ ಥರ ಇದೆ ಅನ್ನೋದು ಅದಕ್ಕೆ ಸಾಕ್ಷಿ ಅಲ್ಲ.

ಕರ್ಮಕಾರ ಅನ್ನೋ ಹೆಸರೇ ನೋಡಿ. ಅಂದರೆ ಕಮ್ಮಾರ. ಕಸುಬೂ ಅದೇ, ಜಾತಿಯೂ ಅದೇ, ಮನೆತನದ ಹೆಸರೂ ಅದೇ. ಆ ಅಚ್ಚನ್ನ ಇಂಗ್ಲಿಷ್ ಪದ ಮಾಡಿರಲಿಲ್ಲ.

ಹಳೆಯ ವಿಡಿಯೋದಿಂದ ಆ ತುಂಡು ತೆಗೆದು, ಕೆಳಗೆ ತಿದ್ದುಪಡಿ ಹಾಕಿದ್ದೀನಿ. ವಾಟ್ಸಾಪ್‌ನಲ್ಲಿ ಹೋದದ್ದನ್ನ ವಾಪಸ್ ಕರೆಯೋಕಾಗಲ್ಲ, ಅದು ಚೆಲ್ಲಿ ಬಿತ್ತಿದ ಬೀಜ. ನಿಮ್ಮ ಗ್ರೂಪ್‌ಗೆ ಅದು ಬಂದಿದ್ದರೆ ದಯವಿಟ್ಟು ಈ ಸಂಚಿಕೆಯನ್ನೂ ಅದರ ಕೆಳಗೆ ಹಾಕಿ. ಧಾರವಾಡದ ಮಾಸ್ತರರಿಗೆ ನಮಸ್ಕಾರ, ಇನ್ನು ಮುಂದೆ ಡಿಕ್ಷನರಿ ತೆಗೆದು ನೋಡಿಯೇ ಮೈಕ್ ಆನ್ ಮಾಡ್ತೀನಿ ಸರ್. ನಿಮ್ಮ ಮನೆಯಲ್ಲಿ ಮೊಳೆ ಜೋಡಿಸಿದವರು, ಎರಕ ಹುಯ್ದವರು ಯಾರಾದರೂ ಇದ್ದರೆ ಅವರ ಬಳಿ ಈಗಲೇ ಕೂತು ಕೇಳಿ. ನಾನು ದೊಡ್ಡಪ್ಪನನ್ನ ಕೇಳೋದು ಬಿಟ್ಟುಬಿಟ್ಟೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.